ಮಾನಿಟರಿಗೆ ಹಾಕಿದ ಹಾರ

ಆಯುಧಪೂಜೆಯ ರಜೆ ಮುಗಿದು ಕಚೇರಿ ತೆರೆದರೆ ಸಾಹೇಬರ ಕಂಪ್ಯೂಟರ್ ಪರದೆ ಕಪ್ಪಗಿತ್ತು. "ಯಾರ್ರೀ ಇದನ್ನ ಮುಟ್ಟಿದ್ದು? ಹಾಳು ಮಾಡಿದವರಿಗೆ ಈಗಲೇ ಮೆಮೋ!" ಎಂದು ಕೂಗಾಡಿದರು.

ಗುಮಾಸ್ತೆ ಪುಟ್ಟತಾಯಮ್ಮ ಪರದೆಯ ಹಿಂದೆ ಇಣುಕಿದಳು. ಪೂಜೆಯ ದಿನ ಸಾಹೇಬರೇ ಬಿಗಿದು ಕಟ್ಟಿದ್ದ ಚೆಂಡುಹೂವಿನ ಹಾರ ಮಾನಿಟರಿನ ವೈರನ್ನು ಅರ್ಧ ಕಿತ್ತಿತ್ತು. ಹಾಗಂತ ಹೇಳಿದರೆ ತಪ್ಪನ್ನು ಅವಳ ತಲೆಗೇ ಕಟ್ಟುವುದು ಖಂಡಿತ.

"ಸಾರ್, ಮೊದಲು ಈ ಒಣಗಿದ ಹಾರ ತೆಗೀಬೇಕು. ಪೂಜೆ ಮಾಡಿದ ಕೈಯೇ ತೆಗೀಬೇಕು," ಎಂದಳು ಭಕ್ತಿಯಿಂದ.

ಸಾಹೇಬರು ಬಗ್ಗಿ ಎಳೆದರು. ಹಾರದ ಜೊತೆ ವೈರೂ ಕೈಗೆ ಬಂತು. ಇಡೀ ಕಚೇರಿ ಅವರ ಕೈಯತ್ತಲೇ ನೋಡಿತು.

ಪುಟ್ಟತಾಯಮ್ಮ ವೈರು ಸಿಕ್ಕಿಸಿದಳು. ಪರದೆ ಬೆಳಗಿತು. "ಮೆಮೋ ಟೈಪ್ ಮಾಡ್ಲಾ ಸಾರ್? ಹೆಸರೊಂದು ಹೇಳಿ."

ಸಾಹೇಬರು ಕೈಯಲ್ಲಿದ್ದ ಹಾರ ನೋಡಿ ನಕ್ಕೇಬಿಟ್ಟರು. "ಮೆಮೋ ಬೇಡ ಕಣಮ್ಮ. ಪೂಜೆಯ ಕಡ್ಲೆಪುರಿ ಉಳಿದಿದ್ರೆ ಎಲ್ಲರಿಗೂ ಹಂಚು."