ಫ್ರಿಜ್ಜು ಆರಿಸಿದ ಪುಟ್ಟಲಿಂಗಿ

ದೊಡ್ಡವರ ಉಳಿತಾಯ ಯಾವತ್ತೂ ಆಳಿನ ಬೆವರಿನಿಂದಲೇ ಶುರು. ಕರೆಂಟು ಬಿಲ್ ಜಾಸ್ತಿ ಬಂತೆಂದು ವನಮಾಲಮ್ಮನವರು ಎ.ಸಿ. ಕೋಣೆಯಲ್ಲಿ ಕೂತಲ್ಲಿಂದಲೇ ಅಡುಗೆಯ ಪುಟ್ಟಲಿಂಗಿಗೆ ಅಪ್ಪಣೆ ಕೊಟ್ಟರು: "ಅಡುಗೆಮನೆಗೆ ಇನ್ನು ಫ್ಯಾನ್ ಬೇಡ. ನಿಮಗೆಲ್ಲ ಸೆಖೆ ರೂಢಿ ತಾನೇ? ಇನ್ನೂ ಏನೇನು ದಂಡಕ್ಕೆ ಓಡ್ತಿದೆಯೋ ನೋಡಿ ಆರಿಸು."

ಪುಟ್ಟಲಿಂಗಿ ಫ್ಯಾನ್ ಆರಿಸಿದಳು. ಜೊತೆಗೆ ಫ್ರಿಜ್ಜನ್ನೂ ಆರಿಸಿದಳು.

ಮರುದಿನ ಫ್ರಿಜ್ಜಿನಲ್ಲಿದ್ದ ಸಾರು ಹಳಸಿ ನಾರಿತು. ಅಮ್ಮನವರು ಹೌಹಾರಿದರು. "ಬುದ್ಧಿ ಇದೆಯೇನೇ ನಿನಗೆ?"

"ನೀವು ಉಣ್ಣೋದು ಬಿಸಿದೇ, ಅಮ್ಮಾವ್ರೇ. ಹಾಲು, ತರಕಾರಿ ದಿನಾ ಬಾಗಿಲಿಗೇ ಬರುತ್ತೆ. ಫ್ರಿಜ್ಜಲ್ಲಿರೋದೆಲ್ಲ ನನಗೆ ಅಂತ ಎತ್ತಿಟ್ಟ ತಂಗಳು. ಮಿಕ್ಕಿದ್ದನ್ನ ಅವತ್ತೇ ಬಿಸಿಯಾಗಿ ಕೊಟ್ಟುಬಿಡಿ, ಅಷ್ಟು ಕರೆಂಟು ಉಳಿಯುತ್ತೆ."

ಅಮ್ಮನವರು ನೆಟ್ಟಗೆ ಹೋಗಿ, ತಮ್ಮ ಕೈಯಾರೆ ಫ್ರಿಜ್ಜಿನ ಸ್ವಿಚ್ ಹಾಕಿದರು.