ಹತ್ತು ರೊಟ್ಟಿಯ ಅಂಟು

ಹೊಳೆಯ ದಂಡೆಯ ಮಠದಲ್ಲಿ ಒಬ್ಬ ಅಜ್ಜಾರಿದ್ದರು. ಕಾವಿ ಉಡುವ ಮೊದಲು ಅವರು ಬಡಗಿ. ಉಪದೇಶ ಕೇಳಲು ಬಂದವರ ಕೈಗೂ ಮೊದಲು ಉಳಿಯನ್ನೇ ಕೊಡುತ್ತಿದ್ದರು.

ಅವರ ಶಿಷ್ಯ ಮೌನೇಶ. ಮೌನವೆಲ್ಲ ಹೆಸರಿನಲ್ಲೇ ಖರ್ಚಾಗಿತ್ತು.

ಮಠದಲ್ಲಿ ರೊಟ್ಟಿ ಬಡಿಯುವವಳು ನೀಲವ್ವ. ಹುಟ್ಟಿದ ಮೂರನೆಯ ವರ್ಷಕ್ಕೇ ಅವಳ ಕಣ್ಣು ಹೋಗಿದ್ದವು. ಎದುರು ಗುಡ್ಡದ ಬಸವಣ್ಣನ ಗುಡಿಯ ಹೊಸ್ತಿಲನ್ನು ಅವಳು ನೂರಾರು ಸಲ ಮುಟ್ಟಿ ನಮಸ್ಕರಿಸಿದ್ದಳು. ಆದರೆ ಶಿಖರಕ್ಕೆ ಯಾರ ಕೈ ಎಟುಕೀತು?

"ಬರೂ ಸೋಮವಾರ ಮಗಳ ಊರಿಗೆ ಹೊಂಟೀನಿ, ಮೌನೇಶ. ತಿರುಗಿ ಬರೂದು ಆಗೂದಿಲ್ಲ. ಗುಡಿ ಮ್ಯಾಲೆ ಹೆಂಗೈತಿ ಅಂತ ಕಡೀಗೂ ತಿಳೀಲಿಲ್ಲ ನೋಡು."

ಮೌನೇಶ ಅವಳ ಪಕ್ಕದಲ್ಲಿ ಕುಳಿತ. "ನಾ ತೋರಸ್ತೀನಿ ಯವ್ವಾ. ನಿನ್ನ ತೊಡಿ ಮ್ಯಾಲೆ ಇಟ್ಟ ತೋರಸ್ತೀನಿ."

ಅಂದೇ ಗುಡ್ಡ ಹತ್ತಿ ಗುಡಿಯ ಅಳತೆ ತಂದ. ಗುಡಿಯ ಒಂದು ಮೊಳಕ್ಕೆ ಇಲ್ಲಿ ಒಂದು ಬೆರಳು. ತೆಳು ಹಲಗೆಯಲ್ಲಿ ಗೋಡೆ, ಕಂಬ, ಶಿಖರದ ಒಂದೊಂದು ಮೆಟ್ಟಿಲನ್ನೂ ಕೊರೆದ. ಕೊರೆಯುವಷ್ಟರಲ್ಲಿ ಶನಿವಾರ ಬಂತು.

ಜೋಡಿಸಲು ಪೇಟೆಯಿಂದ ಅಂಟಿನ ಒಂದು ಸಣ್ಣ ಟ್ಯೂಬು ತಂದ.

"ಇದು ಕಣ್ಣ ಮುಚ್ಚಿ ತಗಿಯೂದ್ರಾಗ ಹಿಡೀತೈತ್ರಿ, ಅಜ್ಜಾರ."

"ಏನನ್ನ ಹಿಡೀತೈತಿ?"

"ಎಲ್ಲಾನೂ ಹಿಡೀತೈತ್ರಿ!"

ಅಜ್ಜಾರು ಟ್ಯೂಬನ್ನೊಮ್ಮೆ ತಿರುಗಿಸಿ ನೋಡಿ ವಾಪಸು ಕೊಟ್ಟರು.

ಸಂಜೆಯೊಳಗೆ ಗುಡಿ ನಿಂತಿತು. ಕೋಣೆಯ ತುಂಬ ಘಾಟು. ಮೌನೇಶನ ಕಣ್ಣಲ್ಲಿ ನೀರು, ಕೆಮ್ಮು ಬೇರೆ. ಕೊನೆಗೆ ಕಳಸ ಕೂರಿಸಲು ಹೋದವನ ಹೆಬ್ಬೆರಳೇ ಕಳಸಕ್ಕೆ ಕಚ್ಚಿಕೊಂಡಿತು.

ಅವನು ಜಗ್ಗಲು ಹೋದ. ಅಜ್ಜಾರು ಕೈ ಹಿಡಿದರು. "ಕಿತ್ತರ ನಿನ್ನ ಚರ್ಮ ಗುಡೀಗೆ ಹೋಗತೈತಿ." ಬೆಚ್ಚನೆಯ ಸೋಪಿನ ನೀರು ತಂದು ಅವನ ಬೆರಳನ್ನು ಅದರಲ್ಲಿಟ್ಟರು. ಬಹಳ ಹೊತ್ತಿನ ಮೇಲೆ ಅದು ಮೆಲ್ಲಗೆ ಬಿಟ್ಟಿತು.

"ಹೌದು, ಎಲ್ಲಾನೂ ಹಿಡೀತೈತಿ," ಎಂದರು.

ಭಾನುವಾರ ಬೆಳಿಗ್ಗೆ ಗುಡಿಯನ್ನು ನೀಲವ್ವನ ತೊಡೆಯ ಮೇಲಿಟ್ಟ. ಅವಳ ಬೆರಳುಗಳು ಗೋಡೆ ಹತ್ತಿ ಶಿಖರಕ್ಕೆ ಹೋದವು. ಥಟ್ಟನೆ ಕೈ ಹಿಂದೆಗೆದಳು.

"ಶಿಖರದ ತುಂಬ ಮುಳ್ಳ ಇರ್ತಾವೇನೋ ತಮ್ಮಾ? ಯಾರೂ ಹೇಳಿದ್ದಿಲ್ಲ ನನಗ."

ಮುಳ್ಳಲ್ಲ. ಸಂದಿನಿಂದ ಉಕ್ಕಿ ಒಣಗಿದ ಅಂಟು. ಕಣ್ಣಿದ್ದವರಿಗೆ ಅದು ಅಂಟು, ಅವಳಿಗೆ ಅದೇ ಗುಡಿ. ಮೌನೇಶ ನಾಚಿ ಗುಡಿಯನ್ನು ವಾಪಸು ಎತ್ತಿಕೊಂಡ.

ಸಂದುಗಳನ್ನೆಲ್ಲ ಕೊಯ್ದು ಬಿಡಿಸಿದ. ಒಣಗಿದ ಅಂಟನ್ನು ಕೆರೆದು ತೆಗೆದ. ಮುರಿದ ಚೂರುಗಳನ್ನು ಹೊಸದಾಗಿ ಕೊರೆದ. ಆಮೇಲೆ ಅಜ್ಜಾರ ಮುಂದೆ ಹೋಗಿ ನಿಂತ.

"ಬಡಗ್ಯಾರ ಬಿಳಿ ಅಂಟಿಗೆ ಘಾಟಿಲ್ಲ, ಕೈ ಕಚ್ಚೂದಿಲ್ಲ. ಆದ್ರ ಒಣಗೂದ ಇಲ್ರಿ, ಅಜ್ಜಾರ. ನಾಳೆ ಮಧ್ಯಾಹ್ನ ಆಕಿ ಬಸ್ಸು. ಸುರಕ್ಷಿತನೂ ಇರಬೇಕು, ಲಗೂ ಒಣಗಲೂಬೇಕು. ಅಂಥಾ ಅಂಟು ಯಾವುದ್ರಿ?"

"ಬಿಳಿ ಅಂಟಿನ ಡಬ್ಬಿ ತಾ."

ಅಜ್ಜಾರು ಎರಡು ಜೊತೆ ಹಲಗೆ ಚೂರು ತೆಗೆದುಕೊಂಡರು. ಒಂದು ಜೊತೆಗೆ ಧಾರಾಳವಾಗಿ ಅಂಟು ಸುರಿದರು. ಇನ್ನೊಂದಕ್ಕೆ ಒಂದೇ ಹನಿ. ಅದನ್ನೂ ಬೆರಳಲ್ಲಿ ತೀಡಿ ತೀಡಿ, ಇದೆಯೋ ಇಲ್ಲವೋ ಅನ್ನುವಷ್ಟು ಮಾಡಿದರು. ಎರಡನ್ನೂ ಜೋಡಿಸಿ ಅವನ ಎರಡು ಕೈಗೆ ಕೊಟ್ಟರು.

"ಒತ್ತಿ ಹಿಡಿ. ನೀಲವ್ವ ರೊಟ್ಟಿ ಬಡಿಯಾಕತ್ತಾಳ, ಕೇಳಸ್ತೈತಿಲ್ಲೋ? ಹತ್ತು ರೊಟ್ಟಿ ಎಣಿಸು. ಬಾಯಿ ಬಿಡಬ್ಯಾಡ."

ಮೌನೇಶ ಎಣಿಸಿದ. ಬಾಯಿ ಮುಚ್ಚಿ ಕೂರುವುದೇ ಅವನಿಗೆ ಹಲಗೆ ಹಿಡಿಯುವುದಕ್ಕಿಂತ ಕಷ್ಟವಾಯಿತು. ಹತ್ತನೆಯ ರೊಟ್ಟಿ ಹಂಚಿಗೆ ಬಿದ್ದಾಗ ಕೈ ಸಡಿಲಿಸಿದ.

ಅಂಟು ಸುರಿದದ್ದು ಜಾರಿ ನೆಲಕ್ಕೆ ಬಿತ್ತು. ತೀಡಿದ್ದು ಅಲುಗಲಿಲ್ಲ.

"ಡಬ್ಬಿ ಒಂದ ಐತಲ್ರಿ, ಅಜ್ಜಾರ!"

"ಡಬ್ಬಿ ಒಂದ. ಕೈ ಬ್ಯಾರೆ."

ಅಂದು ಮೌನೇಶ ಒಂದು ಹನಿಯನ್ನೂ ಉಕ್ಕಲು ಬಿಡಲಿಲ್ಲ. ಒಂದೊಂದು ಸಂದಿಗೂ ಮನಸ್ಸಿನಲ್ಲೇ ಹತ್ತು ರೊಟ್ಟಿ ಎಣಿಸಿದ.

ಸೋಮವಾರ ಬೆಳಿಗ್ಗೆ ನೀಲವ್ವ ಮತ್ತೆ ಗುಡಿ ಮುಟ್ಟಿದಳು. ಮೊದಲು ಹೊಸ್ತಿಲು. "ಹೌದು, ಇದ." ಆಮೇಲೆ ಕಂಬ, ಗೋಡೆ. ಬೆರಳುಗಳು ಶಿಖರದ ಬುಡದಲ್ಲಿ ಒಂದು ಗಳಿಗೆ ಹೆದರಿ ನಿಂತವು. ಆಮೇಲೆ ಮೆಟ್ಟಿಲು ಮೆಟ್ಟಿಲಾಗಿ ಹತ್ತಿ ಕಳಸ ಮುಟ್ಟಿದವು.

ಅವಳ ಕೆನ್ನೆ ಒದ್ದೆಯಾಯಿತು. "ನೋಡಿದ್ನೆಪ್ಪಾ, ಬಸವಣ್ಣಾ. ನಿನ್ನ ಗುಡಿ ನೋಡಿದೆ."

ಅಜ್ಜಾರಿಗೆ ನಮಸ್ಕರಿಸಿದಳು. ಗುಡಿಯನ್ನು ಹಳೆಯ ಸೀರೆಯಲ್ಲಿ ಸುತ್ತಿ ಎದೆಗವಚಿಕೊಂಡಳು. ಬಸ್ಸು ಬಂತು, ಹೋದಳು.

ಮೌನೇಶ ರಸ್ತೆಯನ್ನೇ ನೋಡುತ್ತ ನಿಂತಿದ್ದ. ಖುಷಿಯಾಗಿತ್ತು, ಸುಳ್ಳಲ್ಲ. ಆದರೂ ಒಳಗೆಲ್ಲೋ ಚುಚ್ಚುತ್ತಿತ್ತು.

"ಒಂದು ವಾರ ಉಗುರು ಸವೆಸೀನ್ರಿ, ಅಜ್ಜಾರ. ಬಸವಣ್ಣನ ಹೆಸರು ತಗೊಂಡಳು. ನಂದು ತಗೊಳ್ಳಲೇ ಇಲ್ಲ."

ಅಜ್ಜಾರು ಅವನ ಹೆಬ್ಬೆರಳನ್ನು ಹಿಡಿದು ನೋಡಿದರು. ಟ್ಯೂಬಿನ ಅಂಟಿನ ಒಂದು ಸಿಪ್ಪೆ ಇನ್ನೂ ಅಲ್ಲಿತ್ತು. ಅದನ್ನು ಮೆಲ್ಲಗೆ ಸುಲಿದು ಹೊಳೆಯತ್ತ ಊದಿದರು.

"ಗುಡೀದು ಒಣಗೇತಿ, ಮೌನೇಶ. ನಿನ್ನ ಹೆಸರಿನ ಅಂಟು ಇನ್ನೂ ಹಸೀ ಐತಿ."