ಯಾವ ಕಲ್ಲು?

ಘಟಪ್ರಭೆಯ ದಂಡೆಯ ಮಠದಲ್ಲಿ ಹೊಸಬರಿಗೆ ಪಾಠ ಹೇಳಿಕೊಡುವ ಕೆಲಸ ಮಹಾಂತೇಶನದು. ಒಂದು ಬೆಳಿಗ್ಗೆ ಅವನು ಮುಖ ಗಂಟುಹಾಕಿಕೊಂಡು ಗುರುಗಳ ಬಳಿ ಬಂದ.

"ಅಜ್ಜಾರ, ಆ ಬಾಳಪ್ಪನ ಕೂಡ ಏಗಿ ಸಾಕಾತ್ರಿ. ಏನು ಕೇಳಿದ್ರೂ ಸುಮ್ಮನ ಕೂಡ್ತಾನ. ಸಂಜಿ ಬಸ್ಸಿಗೆ ಕಳಿಸಿಬಿಡೂಣು."

ಬಾಳಪ್ಪ ಅರವತ್ತು ದಾಟಿದವನು. ಅಣೆಕಟ್ಟಿನ ಹಿನ್ನೀರಿನಲ್ಲಿ ಅವನ ಊರು ಮುಳುಗಿತ್ತು. ಮಠಕ್ಕೆ ಬಂದಾಗ ಕೈಯಲ್ಲೊಂದು ಚೀಲವಿತ್ತು, ಮಾತಿರಲಿಲ್ಲ.

"ಎಲ್ಲಿಗೆ ಕಳಿಸ್ತಿ?" ಗುರುಗಳು ಕೇಳಿದರು.

ಮಹಾಂತೇಶ ಆ ಮಾತು ಬಿಟ್ಟು, "ಅವ ಬರೇ ಕಲ್ರಿ," ಎಂದ.

"ಯಾವ ಕಲ್ಲು?"

"ಕಲ್ಲಂದ್ರ ಕಲ್ರೀ!"

ಗುರುಗಳು ನಕ್ಕರು. "ಅಡಿಗಿಮನ್ಯಾಗ ನಿಂಬಿಹಣ್ಣು ಐತಿ, ತಾ. ಒಂದು ಮೊಳಿನೂ ತಾ."

ಇಬ್ಬರೂ ಹೊಳೆಗೆ ಇಳಿದರು. ಗುರುಗಳು ಎರಡು ಬೂದು ಕಲ್ಲು ಆರಿಸಿದರು. ನೋಡಲು ಅಣ್ಣತಮ್ಮಂದಿರ ಹಾಗಿದ್ದವು.

ಮಹಾಂತೇಶ ಮೊದಲನೆಯದರ ಮೇಲೆ ನಿಂಬೆರಸ ಹಿಂಡಿದ. ಸುರ್ರನೆ ನೊರೆ ಎದ್ದಿತು.

"ಸುಣ್ಣದಕಲ್ಲು!"

ಎರಡನೆಯದರ ಮೇಲೂ ಹಿಂಡಿದ. ರಸ ಸುಮ್ಮನೆ ಹರಿದುಹೋಯಿತು.

"ಇದರಾಗ ಸುಣ್ಣ ಇಲ್ರಿ. ಅತ್ತಾಗ ಒಗೀಲ್ಯಾ?"

"ಮೊಳಿಲೆ ಗೀರು."

ಗೀರಿದ. ಬಿಳಿ ಪುಡಿ ಉದುರಿತು.

"ಬೆಣಚುಕಲ್ಲಾಗಿದ್ರ ಗೀರು ಬೀಳ್ತಿರಲಿಲ್ಲ. ಈಗ ಪುಡಿ ಮ್ಯಾಲ ಹಿಂಡು."

ಹಿಂಡಿದ. "ಏನೂ ಇಲ್ರಿ."

"ಅವಸರ ಮಾಡಬ್ಯಾಡ. ಕಿವಿ ಹಚ್ಚು."

ಮಹಾಂತೇಶ ಮಂಡಿಯೂರಿ ಕಲ್ಲಿಗೆ ಕಿವಿ ತಂದ. ಮೊದಲು ಹೊಳೆಯ ಸದ್ದೊಂದೇ. ಆಮೇಲೆ ಕೇಳಿತು, ಎಲ್ಲೋ ದೂರದಲ್ಲಿ ನುಚ್ಚು ಕುದಿಯುವ ಹಾಗೆ. ಕಣ್ಣಿಟ್ಟು ನೋಡಿದರೆ ಪುಡಿಯಲ್ಲಿ ಸಾಸಿವೆಗಿಂತ ಸಣ್ಣ ಗುಳ್ಳೆಗಳು.

"ಇದೂ ಸುಣ್ಣದ್ದ! ಮತ್ತ ಮೊದಲ ಯಾಕ ಸುಮ್ಮನಿತ್ರಿ?"

"ಎರಡೂ ಒಂದ ಸಮುದ್ರದ ತಳದಾಗ ಕೂತ ಸುಣ್ಣದ ಕೆಸರು. ಆಮ್ಯಾಲ ಇದರೊಳಗ ಬ್ಯಾರೆ ನೀರು ಹೊಕ್ತು. ಆ ನೀರಿನ ಮೆಗ್ನೀಸಿಯಂ ಒಳಗ ಕೂತು ಕಲ್ಲು ಬಿಗಿ ಆತು. ಡಾಲೊಮೈಟ್ ಅಂತಾರ. ಲಗೂನ ಬಾಯಿ ಬಿಡೂದಿಲ್ಲ."

ಮಹಾಂತೇಶ ಕಲ್ಲನ್ನು ಅಂಗೈಯಲ್ಲಿ ಹೊರಳಿಸಿದ. ಬ್ಯಾರೆ ನೀರು. ಮೇಲೆ, ಮಠದ ಕಟ್ಟೆಯಲ್ಲಿ, ಬಾಳಪ್ಪ ಹೊಳೆ ನೋಡುತ್ತ ಕೂತಿದ್ದ.

"ಹಂಗಾದ್ರ ಅಜ್ಜಾರ," ಮಹಾಂತೇಶ ನಾಚುತ್ತ ನಕ್ಕ, "ಬಾಳಪ್ಪಗೂ ಮೊಳಿ ಹಚ್ಚಬೇಕೇನ್ರಿ?"

"ಬ್ಯಾಡೋ. ಅವಗ ಗೀರು ಬಿದ್ದದ್ದು ಸಾಕಷ್ಟು. ನೀ ಕಿವಿ ಅಷ್ಟ ಒಯ್ಯಿ."